ನಗಾರಿಯ ಗಂಟಲುನೋವು

ನಮ್ಮ ಭಾವ ತರಕಾರಿಯ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದರು. ಮೈಕು ಹಿಡಿದು ಕೂಗುವವನು ಹರಾಜುಗಾರನೇ ಅಲ್ಲ ಎನ್ನುವ ಜಂಬ ಅವರದು. ಮಾರುಕಟ್ಟೆಯವರೆಲ್ಲ ಅವರನ್ನು ನಗಾರಿ ಎಂದೇ ಕರೆಯುತ್ತಿದ್ದರು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ಆ ಗಾದೆ ಕಟ್ಟಿದವನು ನಮ್ಮ ಭಾವನನ್ನು ನೋಡಿರಲಿಲ್ಲ.

ಇಬ್ಬರ ಊಟ ಒಬ್ಬರೇ ಉಣ್ಣುತ್ತಿದ್ದರೂ ಮನುಷ್ಯ ಸೊರಗುತ್ತ ಹೋದರು. ಕೈ ನಡುಕ, ಕೂತಲ್ಲೇ ಎದೆ ಡವಡವ. ಥೈರಾಯ್ಡ್ ಮಿತಿಮೀರಿ ಕೆಲಸ ಮಾಡುತ್ತಿದೆ ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟರು. ಒಂದು ದಿನವೂ ತಪ್ಪಿಸಬಾರದು ಎಂದರು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದ್ದರು: "ಅಪರೂಪಕ್ಕೆ ಇದು ರಕ್ತದಲ್ಲಿರೋ ಬಿಳಿ ಕಣಗಳನ್ನ ಇಳಿಸಿಬಿಡುತ್ತೆ. ಗಂಟಲುನೋವು, ಜ್ವರ ಬಂದ್ರೆ ಮಾತ್ರೆ ನಿಲ್ಲಿಸಿ, ಅವತ್ತೇ ಬಂದು ರಕ್ತ ಪರೀಕ್ಷೆ ಮಾಡಿಸಿ."

"ಗಂಟಲುನೋವಿಗೆಲ್ಲ ಬರೋದಾದ್ರೆ ನಾನು ಇಲ್ಲೇ ಹಾಸಿಗೆ ಹಾಕ್ಬೇಕಾಗುತ್ತೆ ಡಾಕ್ಟ್ರೇ," ಎಂದು ಭಾವ ನಗೆಯಾಡಿದರಂತೆ. ಮನೆಗೆ ಬಂದು ಅಕ್ಕನಿಗೆ ತಪ್ಪಿಸಬಾರದು ಎಂಬ ಮೊದಲ ಮಾತನ್ನಷ್ಟೇ ಹೇಳಿದರು. ಅಂದಿನಿಂದ ಮಾತ್ರೆಯ ಡಬ್ಬಿ ಅಕ್ಕನ ಸುಪರ್ದಿಗೆ ಬಂತು.

ಮೈ ಕೈ ತುಂಬಿಕೊಂಡು, ನಡುಕ ನಿಂತಿತು ಎನ್ನುವಾಗ ಗಂಟಲುನೋವು ಬಂತು. ಹರಾಜು ಕೂಗುವವರಿಗೆ ಅದು ಕಾಯಿಲೆಯಲ್ಲ, ಕಸುಬಿನ ಭಾಗ. ಕಟ್ಟಿದ ಗಂಟಲನ್ನು ಕೂಗಿಯೇ ಬಿಡಿಸಬೇಕು ಎನ್ನುವುದು ಅವರ ಮದ್ದು. ಭಾವ ಬಿಸಿನೀರು ಕುಡಿದು ಇನ್ನೂ ಜೋರಾಗಿ ಕೂಗಿದರು. ಜೊತೆಯವರು ಭೇಷ್ ಎಂದು ಬೆನ್ನು ತಟ್ಟಿದರು. ಆ ಕೈಗಳನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಜ್ವರ ಏರಿದಾಗ ಅಕ್ಕ ಆಸ್ಪತ್ರೆಗೆ ಹೋಗೋಣ ಎಂದಳು.

"ಇಷ್ಟಕ್ಕೆಲ್ಲ ರಂಪ ಮಾಡ್ಬೇಡ ಕಣೇ. ನಾಳೆ ಈರುಳ್ಳಿ ಲೋಡು ಬರುತ್ತೆ," ಎಂದರು ಭಾವ.

ಮರುದಿನ ಈರುಳ್ಳಿ ಮೂಟೆಗಳ ನಡುವೆಯೇ ಕುಸಿದುಬಿದ್ದರು. ಆಸ್ಪತ್ರೆಯಲ್ಲಿ ರಕ್ತ ನೋಡಿದರೆ ಬಿಳಿ ಕಣಗಳು ಹೆಚ್ಚುಕಡಿಮೆ ಇರಲೇ ಇಲ್ಲ. ಸೋಂಕು ಮೈಯೆಲ್ಲ ಹರಡಿತ್ತು.

"ಮಾತ್ರೆ ಯಾವಾಗ ನಿಲ್ಲಿಸಿದ್ರಿ?" ಮಾತ್ರೆ ಬರೆದುಕೊಟ್ಟಿದ್ದ ಡಾಕ್ಟರೇ ಅಕ್ಕನನ್ನು ಕೇಳಿದರು.

"ಅಯ್ಯೋ, ನಿಲ್ಲಿಸ್ಲಿಲ್ಲ ಡಾಕ್ಟ್ರೇ. ಒಂದು ಹೊತ್ತೂ ತಪ್ಪಿಸಿಲ್ಲ," ಅಕ್ಕ ಹೆಮ್ಮೆಯಿಂದಲೇ ಹೇಳಿದಳು. "ಇವತ್ತು ಬೆಳಿಗ್ಗೆ ನುಂಗೋಕಾಗಲ್ಲ ಅಂದ್ರು. ಪುಡಿ ಮಾಡಿ ನೀರಲ್ಲಿ ಕದಡಿ ಕುಡಿಸಿದೆ."

ಡಾಕ್ಟರು ಆಗ ತಾವು ಹೇಳಿದ್ದನ್ನೂ ಭಾವ ನಗೆಯಾಡಿದ್ದನ್ನೂ ತಿಳಿಸಿದರು. ಅಕ್ಕ ಮಂಚದ ಕಡೆ ತಿರುಗಿದಳು.

"ನನಗ್ಯಾಕ್ರೀ ಹೇಳ್ಲಿಲ್ಲ?"

ಬಾಯಿ ತುಂಬ ಹುಣ್ಣಾಗಿತ್ತು. ಭಾವ ತುಟಿ ಅಲ್ಲಾಡಿಸಿದರು, ದನಿ ಹೊರಡಲಿಲ್ಲ. ಅಕ್ಕ ಅದನ್ನೇ ಮತ್ತೆ ಮತ್ತೆ ಕೇಳಿದಳು. ಎರಡು ದಿನ ಬಿಟ್ಟು ಅವರು ಹೋದರು, ಅವಳಿಗೆ ಉತ್ತರ ಕೊಡದೆಯೇ.