ಚೀಲದಲ್ಲಿ ಹೊತ್ತು ತರುವ ಮಾತು

ಬೆಳಗಿನ ಏಳು ಇನ್ನೂ ಆಗಿಲ್ಲ. ಧಾರವಾಡದ ಲಕಮನಹಳ್ಳಿಯ ಶೀಟಿನ ಮನೆಯೊಂದರಲ್ಲಿ ಕಾಳವ್ವ ಟೀಚರ್ ಗೋಡೆಗೆ ಒರಗಿ ಕುಳಿತು ಟ್ಯಾಬನ್ನು ಸೆರಗಿನಿಂದ ಒರೆಸುತ್ತಿದ್ದಾರೆ. ಎದುರಿಗೆ ಒಂಬತ್ತು ವರ್ಷದ ಗುಲ್ನಾಜ. ಹುಟ್ಟಿನಿಂದ ಕೈಕಾಲು ಹಿಡಿತಕ್ಕೆ ಸಿಗವು, ಮಾತು ಬಾರದು. ಬುದ್ಧಿ ಮಾತ್ರ ಬಲು ಚುರುಕು. ಮುಷ್ಟಿಯನ್ನು ಕಷ್ಟಪಟ್ಟು ಎಳೆದು ತಂದು ಲೋಟದ ಚಿತ್ರ ಒತ್ತುತ್ತಾಳೆ. ‘ಪಾನಿ’ ಎನ್ನುತ್ತದೆ ಟ್ಯಾಬ್. ತಾಯಿ ಹುಸೇನಬಿ ಒಲೆ ಬಿಟ್ಟು ನೀರು ತರುತ್ತಾರೆ. ಎಂಟಕ್ಕೆ ಅವರು ಪ್ಯಾಕಿಂಗ್ ಕೆಲಸಕ್ಕೆ ಹೊರಡಬೇಕು, ಅದಕ್ಕೇ ಪಾಠ ಇಷ್ಟು ಬೇಗ.

ಶಾಲೆಗೆ ಬರಲಾಗದ ಮಕ್ಕಳಿಗೆ ಮನೆಗೇ ಹೋಗಿ ಕಲಿಸುವುದು ಕಾಳವ್ವನವರ ಕೆಲಸ. ಮಕ್ಕಳು ಆರು ಮಂದಿ, ಅವರನ್ನು ನೇಮಿಸಿದ ಸಂಸ್ಥೆ ಕೊಟ್ಟ ಟ್ಯಾಬು ಒಂದು. ವಾರಕ್ಕೆರಡು ಸಲ ಒಬ್ಬೊಬ್ಬರ ಮನೆ. “ಮೊಣಕಾಲು ಹೋಗ್ಯಾವ್ರಿ. ಕೂತ್ರ ಏಳಾಕ ಆಗೂದಿಲ್ಲ, ಎದ್ರ ಕೂಡ್ರಾಕ ಆಗೂದಿಲ್ಲ,” ಎಂದು ಪಾಠ ನೋಡಲು ಬಂದ ನನಗೆ ಹೇಳುವಾಗ ಅವರಿಗೆ ನಗುವುದಕ್ಕೂ ದಣಿವು.

ಮೊದಮೊದಲು ಚಿತ್ರಗಳಿಗೆಲ್ಲ ಅವರು ತಮ್ಮ ದನಿಯನ್ನೇ ತುಂಬಿದ್ದರು, ಚೊಕ್ಕ ಕನ್ನಡದಲ್ಲಿ. ಗುಲ್ನಾಜ ತಾಯಿಯ ಚಿತ್ರ ಒತ್ತಿದ ದಿನ ಟ್ಯಾಬು ‘ಅವ್ವಾ’ ಎಂದಿತು. ಹುಸೇನಬಿ ಮುಖ ತಿರುಗಿಸಿದರಂತೆ. “ಇಷ್ಟು ವರ್ಷಕ್ಕ ನನ್ನ ಮಗಳು ಕರದ್ಲು ಖರೇ, ದನಿ ನಿಮ್ಮದು ಬಂತು ಟೀಚರ್. ನಮ್ಮ ಮನ್ಯಾಗ ಅವ್ವಾ ಅಂತ ಯಾರೂ ಕರಿಯೂದಿಲ್ರಿ.”

ಆ ಮಾತು ಕಾಳವ್ವನವರನ್ನು ಈಗಲೂ ಚುಚ್ಚುತ್ತದೆ. “ಕಲಿಸೂ ಅವಸರದಾಗ ಹುಡುಗಿ ಬಾಯಾಗ ನನ್ನ ನಾಲಿಗಿ ಇಟ್ಟಿದ್ನಿ ನೋಡ್ರಿ,” ಎನ್ನುತ್ತಾರೆ. ಎಲ್ಲ ಅಳಿಸಿ, ಗುಲ್ನಾಜಳ ವಯಸ್ಸಿನವಳೇ ಆದ ಸೋದರಮಾವನ ಮಗಳನ್ನು ಕೂಡಿಸಿ, ಕಿಟಕಿ ಮುಚ್ಚಿ ಹೊಸದಾಗಿ ದನಿ ತುಂಬಿದರು. ಓಣಿಯ ಗದ್ದಲ ಪೂರ್ತಿ ತಡೆಯಲಾಗಲಿಲ್ಲ. ‘ಅಮ್ಮೀ’ ಎಂಬ ಕರೆಯ ಹಿಂದೆ ಇವತ್ತಿಗೂ ಒಂದು ಕೋಳಿ ಕೂಗುತ್ತದೆ. ಅದನ್ನು ತೆಗೆಯಲು ಹುಸೇನಬಿಯೇ ಬಿಡಲಿಲ್ಲ, ಕೋಳಿಯೂ ತಮ್ಮ ಮನೆಯದೇ ಎಂದು. ಈಗ ಆರೂ ಮಕ್ಕಳಿಗೆ ಅವರವರ ಮನೆಯ ದನಿಯೇ ಇದೆ.

ಗುಲ್ನಾಜಳ ಪರದೆಯಲ್ಲಿ ಅಡ್ಡ ಮಾಡಿದ ಅಂಗೈಯ ಚಿತ್ರವೂ ಒಂದಿದೆ. ಒತ್ತಿದರೆ ‘ನಕ್ಕೋ’ ಎನ್ನುತ್ತದೆ. ಬೇಡ ಎನ್ನಲು ಈ ಮನೆಯ ಮಾತು. ಅನ್ನ, ನೀರು ಕೇಳಲು ಬಂದರೆ ಸಾಲದೇ ಎಂದು ಹುಸೇನಬಿ ಕೇಳಿದ್ದರಂತೆ. “ಬ್ಯಾಡ ಅನ್ನಾಕ ಬರಲಿಲ್ಲಂದ್ರ ಅದೆಂಥಾ ಮಾತ್ರಿ?” ಎನ್ನುತ್ತಾರೆ ಕಾಳವ್ವ. ದುರ್ಗದಬೈಲಿನ ಮಾರುಕಟ್ಟೆಯಲ್ಲಿ ಸೊಪ್ಪಿನ ಸಿವುಡಿನ ದರಕ್ಕೆ ಬೇಡ ಬೇಡ ಎಂದು ಗಂಟಲು ಹರಿದುಕೊಳ್ಳುವ ನಮಗೆ ಇದು ಹೊಳೆಯುವುದೇ ಇಲ್ಲ.

ಇಷ್ಟಾದರೂ ಈ ಮಾತು ವಾರಕ್ಕೆರಡು ತಾಸಿನದು. “ನಾ ಎದ್ದು ಹೊಂಟ್ರ ಆಕಿ ಮಾತೂ ನನ್ನ ಚೀಲದಾಗ ಕೂತು ಹೊಕ್ಕೈತ್ರಿ. ಅದನ್ನ ನೆನಸಿದ್ರ ಚೀಲ ಎತ್ತಾಕ ಮನಸ ಬರೂದಿಲ್ಲ.” ಗುಲ್ನಾಜಳಿಗೆ ತನ್ನದೇ ಟ್ಯಾಬು ಬೇಕೆಂದು ಸಂಸ್ಥೆಯನ್ನು ಕೇಳಿ ಕೇಳಿ ಅವರಿಗೆ ಸಾಕಾಗಿದೆ. ಪ್ರತಿ ಸಲವೂ ‘ನೋಡೋಣ’ ಎಂಬ ಉತ್ತರ.

ಕೆಲಗೇರಿಯಲ್ಲಿ ಇನ್ನೊಂದು ಮಗು ಕಾಯುತ್ತಿದೆ. ಕಾಳವ್ವ ಗೋಡೆ ಹಿಡಿದು ಏಳುತ್ತಾರೆ, ಟ್ಯಾಬಿಗೆ ಕೈ ಚಾಚುತ್ತಾರೆ. ‘ನಕ್ಕೋ.’ ಹುಸೇನಬಿ ಮಗಳನ್ನು ಗದರುತ್ತಾರೆ. ‘ನಕ್ಕೋ, ನಕ್ಕೋ.’ ಕಾಳವ್ವ ಮೊಣಕಾಲು ಹಿಡಿದು ಮತ್ತೆ ಕುಳಿತೇಬಿಡುತ್ತಾರೆ. ಬಸ್ಸು ತಪ್ಪಿದಂತೆಯೇ.

“ಬೈಬ್ಯಾಡ ಬಿಡವಾ,” ಎಂದು ತಾಯಿಯನ್ನು ತಡೆದು ನನ್ನ ಕಡೆ ತಿರುಗುತ್ತಾರೆ. “ನನಗೇನ್ ದೊಡ್ಡ ಆಸೆ ಇಲ್ರಿ. ನಾ ಬರದ ದಿನಾನೂ ಈ ಹುಡುಗಿ ಹಿಂಗ ಹಟಾ ಮಾಡಬೇಕು, ಅಷ್ಟ.”