ನನ್ನ ಕಾರಿನ ಹೊಗೆ, ಶಾಂತವ್ವನ ಒಲೆ

ಶಾಂತವ್ವ ಆಡದ ಮಾತನ್ನು ಆಕೆಯ ಬಾಯಿಗೆ ಹಾಕಿ, ಕೈಗೂಸಿನ ತಾಯಿಯೊಬ್ಬಳ ನೆಲೆ ತಪ್ಪಿಸಿದವನು ನಾನು. ಬೇರೆ ಯಾರೂ ಅಲ್ಲ. ನಮ್ಮ ವಸತಿ ಸೊಸೈಟಿಯಲ್ಲಿ ಇದು ಯಾರಿಗೂ ಗೊತ್ತಿಲ್ಲ — ಆಕೆಗೂ ಗೊತ್ತಿಲ್ಲ. ನನ್ನನ್ನು ಹೆಚ್ಚು ಸುಡುವುದು ಅದೇ.

ತೊಂಬತ್ತರ ದಶಕದ ನಡುವಿನ ಮಾತು. ಧಾರವಾಡದಿಂದ ಪುಣೆಗೆ ಬಂದು ವಿಮಾ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ, ಮದುವೆ ಆಗಿರಲಿಲ್ಲ. ಆ ವರ್ಷ ಒಂದು ಹಳೆಯ ಕಾರು ಕೊಂಡೆ. ಬೆಳಗಿನ ಚಳಿಗೆ ಅದು ಸುಲಭಕ್ಕೆ ಚಾಲೂ ಆಗುತ್ತಿರಲಿಲ್ಲ. ಚೋಕ್ ಎಳೆದು, ಕೀಲಿ ತಿರುವಿ, ಎಂಜಿನ್ ಬಿಸಿಯಾಗಲೆಂದು ಹಾಗೇ ಬಿಟ್ಟು, ಮೇಲೆ ಹೋಗಿ ಚಹಾ ಕುಡಿದು ಬರುತ್ತಿದ್ದೆ. ಹತ್ತು ನಿಮಿಷ — ಕೆಲವೊಮ್ಮೆ ಹದಿನೈದು. ತಣ್ಣಗಿನ ಎಂಜಿನ್‌ನಲ್ಲಿ ಪೆಟ್ರೋಲು ಪೂರ್ತಿ ಉರಿಯದೆ ಹೊರಬರುತ್ತದೆ ಎಂಬುದು ಆಗ ತಿಳಿದಿರಲಿಲ್ಲ. ಆದರೆ ನನಗೂ ಮೂಗಿತ್ತಲ್ಲ? ಕೆಳಗಿಳಿದರೆ ಕಟ್ಟಡದಡಿಯ ಪಾರ್ಕಿಂಗಿನ ತುಂಬ ಹಸಿ ಪೆಟ್ರೋಲಿನ ಘಾಟು, ಕಣ್ಣುರಿ.

ಆ ಪಾರ್ಕಿಂಗಿನ ಮೂಲೆಯ ಕೋಣೆಯಲ್ಲೇ ವಾಚ್‌ಮನ್ ಮಲ್ಲಪ್ಪ, ಅವನ ಹೆಂಡತಿ ಶಾಂತವ್ವ, ಆರು ತಿಂಗಳ ಹೆಣ್ಣುಕೂಸು ಇದ್ದರು. ಸುರಪುರದ ಕಡೆಯವರು. ಶಾಂತವ್ವನಿಗೆ ಮರಾಠಿ ಬಾರದು. ಅವರನ್ನು ಬಿಟ್ಟರೆ ಇಡೀ ಕಟ್ಟಡದಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. ಒಂದು ಬೆಳಿಗ್ಗೆ ಆಕೆ ಹಿಂಜರಿಯುತ್ತಲೇ ಕೇಳಿದಳು.

“ಅಣ್ಣಾರ, ಸಿಟ್ಟಾಗಬ್ಯಾಡ್ರಿ. ಗಾಡಿ ಚಾಲೂ ಮಾಡಿ ಹಂಗ ಬಿಟ್ಟ ಹೋಗಬ್ಯಾಡ್ರಿ. ಕೂಸು ಭಾಳ ಕೆಮ್ಮತದ.”

“ಎಂಜಿನ್ ಬಿಸಿ ಆಗಬೇಕಲ್ಲವಾ. ಬಾಗಲಾ ಹಾಕ್ಕೊ,” ಎಂದೆ.

ಆಕೆ ಬಾಗಿಲು ಹಾಕಿಕೊಂಡಳು. ಆ ಕೋಣೆಗೆ ಕಿಟಕಿ ಇರಲಿಲ್ಲ — ಅದೂ ನನಗೆ ಗೊತ್ತಿತ್ತು.

ಮೊದಲ ಮಹಡಿಯಲ್ಲಿದ್ದ ಮುದುಕಿಗೆ ಉಬ್ಬಸ. ನಾವೆಲ್ಲ ಅವರನ್ನು ಕಾಕೂ ಎನ್ನುತ್ತಿದ್ದೆವು. ಜನವರಿಯಲ್ಲಿ ಅವರ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಬೆಳಗಾದರೆ ಕೆಳಗಿನಿಂದ ಹೊಗೆ ಬರುತ್ತದೆ ಎಂದು ಅವರ ಮಗ ದೂರಿದ. ಭಾನುವಾರ ಪಾರ್ಕಿಂಗಿನಲ್ಲೇ ಸಭೆ ಸೇರಿತು. ಮಲ್ಲಪ್ಪ ಊರಿಗೆ ಹೋಗಿದ್ದ. ಅಧ್ಯಕ್ಷರು ಶಾಂತವ್ವನನ್ನು ಕರೆಸಿ, ಮುಂಜಾನೆಯ ಹೊಗೆ ನಿನ್ನ ಒಲೆಯದೇ ಏನು ಎಂದು ಮರಾಠಿಯಲ್ಲಿ ಕೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅಲ್ಲಿಯವರೆಗೆ ಸರಿಯಾಗಿಯೇ ಹೇಳಿದೆ.

“ನಾ ಒಲಿ ಹಚ್ಚೂದು ಒಂಬತ್ತಕ್ಕರಿ, ಅದೂ ಹೊರಗ ಗ್ವಾಡಿ ಹಿಂದ. ಮುಂಜಾನಿ ಹೊಗಿ ನಿಮ್ಮ ಗಾಡಿದು ಅಲ್ರಿ, ಅಣ್ಣಾರ? ನೀವ ಹೇಳ್ರಿ ಅವರಿಗೆ.”

ಅದರಲ್ಲಿ ದೂರಿನ ದನಿ ಇರಲಿಲ್ಲ. ನಾನು ಹೇಳಿಯೇ ಹೇಳುತ್ತೇನೆ ಎಂದು ನಂಬಿದ್ದಳು. ಎಲ್ಲರೂ ನನ್ನ ಮುಖ ನೋಡಿದರು. ಕಾಕೂನ ಮಗ ನನ್ನ ಎದುರಿಗೇ ಕೂತಿದ್ದ.

“ಚೂಕ್ ಝಾಲೀ ಮ್ಹಣ್ತೇ,” ಎಂದೆ. ತಪ್ಪಾಯಿತು ಅನ್ನುತ್ತಿದ್ದಾಳೆ, ಎಂದು.

ಎಂಟು ದಿನದಲ್ಲಿ ಕೋಣೆ ಖಾಲಿ ಮಾಡಬೇಕು, ಇನ್ನು ಮುಂದೆ ಸಂಸಾರವಿಲ್ಲದ ವಾಚ್‌ಮನ್ ಸಾಕು ಎಂದು ತೀರ್ಮಾನವಾಯಿತು. ಅದನ್ನು ಆಕೆಗೆ ತಿಳಿಸಿದವನೂ ನಾನೇ. ಆಕೆ ಅಳಲಿಲ್ಲ. ಸೆರಗಿನಿಂದ ಕೂಸಿನ ಮೂಗು ಒರೆಸುತ್ತ, “ಇರಲಿ ಬಿಡ್ರಿ. ನೀವರ ನಮ್ಮ ಕಡೆ ಮಾತಾಡಿದ್ರಿ. ಅವರು ಕೇಳಲಿಲ್ಲಂದ್ರ ನೀವೇನ ಮಾಡ್ತೀರಿ?” ಅಂದಳು.

ನಾನು — ಹೌದೆಂಬಂತೆ ತಲೆಯಾಡಿಸಿದೆ.

ಅವರು ಹೋದ ದಿನದಿಂದ ಕಾರನ್ನು ಹೊರಗೆ ರಸ್ತೆಯಲ್ಲಿ ನಿಲ್ಲಿಸತೊಡಗಿದೆ. ಒಳ್ಳೆಯತನದಿಂದಲ್ಲ, ಒಲೆ ಹೋದ ಮೇಲೂ ಹೊಗೆ ಬಂದರೆ ಸಿಕ್ಕಿಬೀಳುತ್ತೇನೆಂಬ ಭಯದಿಂದ. ಕಾಕೂ ಸುಧಾರಿಸಿಕೊಂಡರು. ನೋಡಿ, ಆ ಸಂಸಾರ ಹೋದದ್ದಕ್ಕೇ ಗಾಳಿ ಚೊಕ್ಕಟವಾಯಿತು ಎಂದು ಎಲ್ಲರೂ ಆಡಿಕೊಂಡರು. ಮುಂದೆ ಒಬ್ಬ ಮೆಕ್ಯಾನಿಕ್ ಹೇಳಿದ — ಹಾಗೆ ನಿಲ್ಲಿಸಿ ಬಿಸಿ ಮಾಡುವುದೇ ಬೇಡ, ಚಾಲೂ ಆದ ಮೇಲೆ ನಿಧಾನಕ್ಕೆ ಓಡಿಸಿಕೊಂಡು ಹೋದರೆ ಸಾಕು ಎಂದು. ಹಾಗಾದರೆ ಆ ಹತ್ತು ನಿಮಿಷಗಳು...

ಹತ್ತು ವರ್ಷಗಳ ಮೇಲೆ, ಹೋದ ವಾರ, ಸ್ವಾರಗೇಟಿನ ಬಸ್ ನಿಲ್ದಾಣದಲ್ಲಿ ಮಲ್ಲಪ್ಪ ಸಿಕ್ಕ. ಅವನೇ ಗುರುತು ಹಿಡಿದು ಓಡಿಬಂದ. ಊರಾಚೆ ಹಿಂಜವಾಡಿಯಲ್ಲಿ ಏಳುತ್ತಿರುವ ಫ್ಲ್ಯಾಟುಗಳ ಹಿಂದೆ ಶೆಡ್ಡಿನಲ್ಲಿದ್ದಾರಂತೆ, ಗಂಡ ಹೆಂಡತಿ ಇಬ್ಬರಿಗೂ ಅಲ್ಲೇ ಕೆಲಸ. ಮಗಳನ್ನು ಕೇಳಿದೆ.

“ಸಾಲಿಗೆ ಹೊಂಟಾಳ್ರಿ. ಥಂಡ್ಯಾಗ ಒಂದೀಟು ದಮ್ಮ ಹತ್ತತದ, ಅಷ್ಟ. ಶಾಂತವ್ವ ಈಗೂ ನಿಮ್ಮ ಹೆಸರ ತಗೀತಾಳ್ರಿ — ಇಡೀ ಬಿಲ್ಡಿಂಗ್‌ನ್ಯಾಗ ನಮ್ಮ ಪರ ಮಾತಾಡಿದವರು ಅವರೊಬ್ರೇ ಅಂತ.”

ಹೇಳಿಬಿಡಬೇಕಿತ್ತು. ಬಾಯಿ ತೆರೆದೆ ಕೂಡ. ಬಂದ ಮಾತು, “ನಂದೇನದರಿ ಅದರಾಗ” — ವಿನಯ! ಅವನು ಕೈಮುಗಿದು ಬಸ್ ಹತ್ತಿದ.

ಆ ಹುಡುಗಿಯ ಉಬ್ಬಸ ನನ್ನ ಹೊಗೆಯಿಂದಲೇ ಬಂತೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂಬುದರ ಹಿಂದೆ ಅಡಗಲಾರೆ. ಶಾಂತವ್ವನಿಗೆ ಓದು ಬಾರದು. ಇಲ್ಲಿ ಬರೆದದ್ದನ್ನು ನಾನೇ ಹೋಗಿ ಓದಿ ಹೇಳಬೇಕು. ನಾಳೆ ಹಿಂಜವಾಡಿಗೆ ಹೋಗುತ್ತೇನೆ. ಕೇಳುತ್ತ ಕೇಳುತ್ತ ಆಕೆ ನಡುವೆಯೇ ಎದ್ದು ಹೋದರೆ, ನಿಲ್ಲು ಎನ್ನುವ ಹಕ್ಕು ನನಗಿಲ್ಲ.