ಎಣ್ಣೆ ಕುಡಿದಳು ಎಂದವನು

ನಮ್ಮ ಅಕ್ಕ ಸತ್ತದ್ದು ಪೆನ್ಸಿಲಿನ್ ಸೂಜಿಯಿಂದ. ಊರಿನ ಪಾಲಿಗೆ ಮಾತ್ರ ಅವಳು ಎಣ್ಣೆ ಕುಡಿದು ಸತ್ತವಳು. ಎಣ್ಣೆ ಎಂದರೆ ನಮ್ಮ ಕಡೆ ಹತ್ತಿ ಬೆಳೆಗೆ ಹೊಡೆಯುವ ವಿಷ. ಆ ಮಾತನ್ನು ಊರಿಗೆ ಹಂಚಿದವನು ಸೂಜಿ ಚುಚ್ಚಿದವನೇ.

ದೊಡವಾಡದ ಆಚೆ ನಮ್ಮದೊಂದು ಸಣ್ಣ ಹಳ್ಳಿ. ಅಪ್ಪ ಎಮ್ಮೆ ಕಟ್ಟಿಕೊಂಡು ಹಾಲು ಹಾಕುತ್ತಿದ್ದ, ತುಂಡು ಹೊಲದಲ್ಲಿ ಹತ್ತಿ ಬೆಳೆಯುತ್ತಿದ್ದ. ಅಕ್ಕನ ಮದುವೆ ಗೊತ್ತಾಗಿತ್ತು. ಆಗ ಅವಳಿಗೆ ಗಂಟಲು ಬಾತು ಜ್ವರ ಬಂತು. ಅಪ್ಪ, ಅವ್ವ ಹೊಲಕ್ಕೆ ಹೋಗಿದ್ದರು. ಸೈಕಲ್ಲಿಗೆ ಚರ್ಮದ ಚೀಲ ಕಟ್ಟಿಕೊಂಡು ಊರೂರು ತಿರುಗುವ ಒಬ್ಬನಿದ್ದ. ಧಾರವಾಡದ ಯಾವುದೋ ಡಾಕ್ಟರ ಬಳಿ ಬಾಗಿಲು ಕಾಯ್ದು, ಸೂಜಿ ಚುಚ್ಚುವುದನ್ನು ನೋಡಿ ಕಲಿತವನು. ಊರವರು ಅವನನ್ನು ಸೂಜಿ ಡಾಕ್ಟರ ಎನ್ನುತ್ತಿದ್ದರು. ಅಪ್ಪನೇ ಹೇಳಿ ಕಳಿಸಿದ್ದನೆಂದು ಅವನು ನಮ್ಮ ಮನೆಗೆ ಬಂದ. ಮನೆಯಲ್ಲಿ ಇದ್ದದ್ದು ಅಕ್ಕ ಮತ್ತು ಹೈಸ್ಕೂಲಿಗೆ ಹೋಗುತ್ತಿದ್ದ ನಾನು.

ಸೂಜಿ ಮಾಡಿ ಅವನು ಇನ್ನೂ ಚೀಲ ಕಟ್ಟಿರಲಿಲ್ಲ. ಅಕ್ಕ ಕೈ ಕೆರೆದುಕೊಳ್ಳತೊಡಗಿದಳು.

"ತಂಗಿ, ಮೈಯೆಲ್ಲಾ ತುರಸಾಕತ್ತೈತಿ ನೋಡ," ಎಂದಳು. ಮೈಮೇಲೆ ದದ್ದು ಎದ್ದವು. ತುಟಿ ಬಾತಿತು. ಉಸಿರು ಸಿಳ್ಳೆ ಹೊಡೆದಂತೆ ಕೇಳಿಸಿತು. ಅವಳು ನನ್ನ ಲಂಗ ಹಿಡಿದುಕೊಂಡಳು, ಆಮೇಲೆ ಹಿಡಿದ ಕೈ ಸಡಿಲಾಯಿತು.

ಅವನು ಹಿತ್ತಲಿಗೆ ಹೋದ. ನೀರು ತರಲು ಹೋದ ಎಂದುಕೊಂಡೆ. ಎಮ್ಮೆ ಕಟ್ಟುವಲ್ಲಿ ಅಪ್ಪ ಇಟ್ಟಿದ್ದ ಎಣ್ಣೆ ಡಬ್ಬಿ ಹಿಡಿದುಕೊಂಡು ಬಂದ. ಮುಚ್ಚಳ ತೆಗೆದು ಅಕ್ಕನ ಹಾಸಿಗೆಯ ಬದಿಗೆ ಇಟ್ಟ. ನನ್ನ ಕಣ್ಣೆದುರೇ ಇಟ್ಟ. ಆಮೇಲೆ ಬಾಗಿಲಿಗೆ ಹೋಗಿ ಕೂಗಿ ಜನ ಕೂಡಿಸಿದ.

"ನಾ ಬರೋದ್ರಾಗ ಎಣ್ಣಿ ಕುಡದಬಿಟ್ಟಾಳ್ರೀ. ಈ ಮದುವಿ ಆಕಿಗೆ ಬ್ಯಾಡಾಗಿತ್ತೇನೋ. ಹೆಣ್ಮಗಳಿಗೆ ಒಳಗ ಏನ್ ಅಡಚಣಿ ಇತ್ತೋ, ಯಾರಿಗ ಗೊತ್ತು," ಎಂದ.

ಆ ಕೊನೆಯ ಮಾತಿಗೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಸುಳ್ಳು ಸುಳ್ಳು ಎಂದು ಚೀರಿದೆ. ಯಾರೋ ನನ್ನನ್ನು ಅಪ್ಪಿ ಹಿಡಿದು ಆಚೆ ಒಯ್ದರು. ಪೊಲೀಸರು ಬಂದರೆ ಹೆಣ ಕೊಯ್ಯುತ್ತಾರೆ, ಮನೆಯ ಮಾನ ಬೀದಿಗೆ ಬರುತ್ತದೆ ಎಂದು ಊರ ಹಿರಿಯರೊಬ್ಬರು ಅಪ್ಪನನ್ನು ಹೆದರಿಸಿದರು. ಮಣ್ಣು ಮಾಡಿ ಬರುವಷ್ಟರಲ್ಲಿ ಅಕ್ಕ ಬಸಿರಾಗಿದ್ದಳು ಎಂಬುದೂ ಊರಿನ ಮಾತಾಗಿತ್ತು. ಅಪ್ಪ ಅದನ್ನು ನಂಬಿದ. ನಂಬಿಕೊಂಡೇ ಕೆಲವು ವರ್ಷಗಳ ಮೇಲೆ ಸತ್ತ. ಅವ್ವ ನನ್ನ ಮಾತು ನಂಬಿದಳು, ಆದರೆ ಯಾವ ಮನೆಯ ಮದುವೆಗೂ ಹೋಗದಾದಳು. ಆ ಮನುಷ್ಯ ಮಾತ್ರ ಸೈಕಲ್ ಬಿಟ್ಟು ಮೋಟಾರ್ ಸೈಕಲ್ಲಿಗೆ ಬಂದ.

ಮೆಟ್ರಿಕ್ ಮುಗಿಸಿ ಹುಬ್ಬಳ್ಳಿಯಲ್ಲಿ ಫಾರ್ಮಸಿ ಓದಲು ಹೋದಾಗ ಸಂಬಂಧಿಕರೆಲ್ಲ ನಕ್ಕರು. ನನ್ನ ಮದುವೆಯ ಮಾತು ಆಗಲೇ ಎರಡು ಕಡೆ ಮುರಿದಿತ್ತು. ಅಕ್ಕನ ಹೆಸರು ಹೇಳಿಯೇ ಮುರಿದಿತ್ತು. ತರಗತಿಯಲ್ಲಿ ಒಂದು ದಿನ ಮಾಸ್ತರರು ಪೆನ್ಸಿಲಿನ್ ಕೆಲವರ ಮೈಗೆ ಒಗ್ಗದೆ ಹೋದರೆ ಏನಾಗುತ್ತದೆಂದು ಹೇಳಿದರು. ತುರಿಕೆ, ದದ್ದು, ಬಾತ ತುಟಿ, ಸಿಳ್ಳೆ ಹೊಡೆಯುವ ಉಸಿರು. ಮೊದಲು ಚರ್ಮದಲ್ಲಿ ಹನಿಯಷ್ಟು ಚುಚ್ಚಿ ಪರೀಕ್ಷೆ ಮಾಡಬೇಕು, ಕೈಯಳತೆಯಲ್ಲಿ ಅಡ್ರಿನಲಿನ್ ಇರಬೇಕು ಎಂದರು. ಅಡ್ರಿನಲಿನ್ ಎಂದರೆ ಕಿರುಬೆರಳಿನಷ್ಟು ಗಾಜಿನ ನಳಿಕೆಯಲ್ಲಿ ಬರುವ ಔಷಧ. ಅದು ಆ ಚರ್ಮದ ಚೀಲದಲ್ಲಿ ಇದ್ದಿದ್ದರೆ ಅಕ್ಕ ಉಳಿಯುತ್ತಿದ್ದಳು. ಅಂದಿನವರೆಗೆ ನನಗೆ ಅಳು ಬರುತ್ತಿತ್ತು. ಅಂದಿನಿಂದ ಅಳು ನಿಂತು ಹೋಯಿತು. ಅವನ ಬಾಯಿಂದಲೇ, ನಮ್ಮೂರವರ ಎದುರಿಗೇ, ನಿಜ ಆಡಿಸಬೇಕು ಎಂಬ ಒಂದೇ ಛಲ ಉಳಿಯಿತು.

ಎಪ್ಪತ್ತರ ದಶಕದ ನಡುವೆ ನಮ್ಮ ಸೀಮೆಯ ಒಂದು ತಾಲ್ಲೂಕು ದವಾಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತು. ಕೆಲಸ ಔಷಧಿ ಕಿಟಕಿಯದು. ಆದರೆ ಹತ್ತಿಗೆ ಎಣ್ಣೆ ಹೊಡೆಯುವ ಕಾಲದಲ್ಲಿ, ಸಂತೆಯ ದಿನಗಳಲ್ಲಿ ತುರ್ತು ಕೋಣೆಯ ಮುಂದೆ ಗಾಡಿ ನಿಲ್ಲುವುದು ತಪ್ಪುತ್ತಿರಲಿಲ್ಲ. ಅಲ್ಲಿಯ ಡಾಕ್ಟರರು ಮುಂಗೋಪಿ, ಆದರೆ ಕೈ ಬಹಳ ಚುರುಕು. ಅಂಥ ದಿನ ಅವರು ನನ್ನನ್ನು ಕಿಟಕಿಯಿಂದ ಕರೆಸಿ ತಮ್ಮ ಬಳಿ ನಿಲ್ಲಿಸಿಕೊಳ್ಳುತ್ತಿದ್ದರು. ರೋಗಿಯ ಮೈಯನ್ನು ಅವರು ನೋಡಬೇಕು, ಆ ಮೈಯೊಳಗೆ ಆಗಲೇ ಏನು ಹೋಗಿದೆ ಎಂಬುದನ್ನು ನಾನು ಹುಡುಕಬೇಕು. ಜನ ಹೆದರಿ ಮುಚ್ಚಿಡುತ್ತಿದ್ದರು. ಖಾಲಿ ಬಾಟಲಿ ತರಿಸುತ್ತಿದ್ದೆ, ಸೀರೆಯ ಸೆರಗು ಮೂಸುತ್ತಿದ್ದೆ, ಅತ್ತೆಯನ್ನು ಒಂದು ಕಡೆ, ಸೊಸೆಯನ್ನು ಇನ್ನೊಂದು ಕಡೆ ನಿಲ್ಲಿಸಿ ಕೇಳುತ್ತಿದ್ದೆ. ಬೇಕಾದ ಔಷಧ ಎಳೆದು, ಅಳತೆಯನ್ನು ಗಟ್ಟಿಯಾಗಿ ಹೇಳಿ ಡಾಕ್ಟರರ ಕೈಗೆ ಕೊಡುತ್ತಿದ್ದೆ. ಜನ ನನ್ನನ್ನು ಔಷಧಿ ಬಾಯಾರು, ಅಂದರೆ ಔಷಧಿ ಮೇಡಂ, ಎನ್ನುತ್ತಿದ್ದರು.

ಆ ಊರಿನ ಸಂತೆಗೆ ನಮ್ಮ ಹಳ್ಳಿಯವರೂ ಬರುತ್ತಿದ್ದರು. ಸೂಜಿ ಡಾಕ್ಟರನೂ ಸಂತೆಯ ಹತ್ತಿರ ಕೋಣೆ ಹಿಡಿದಿದ್ದಾನೆಂದು ಕೇಳಿದ್ದೆ. ಹೋಗಿ ನೋಡಲಿಲ್ಲ. ಅವನು ಕೈಬಿಟ್ಟ ರೋಗಿಗಳು ನಮ್ಮಲ್ಲಿಗೇ ಬರಬೇಕು, ಒಂದು ದಿನ ಅವನೂ ಬರುತ್ತಾನೆ ಎಂದು ಕಾದೆ.

ಒಂದು ಸಂತೆಯ ದಿನ ನಡುಮಧ್ಯಾಹ್ನ ನಮ್ಮೂರಿನ ಒಬ್ಬ ಬಾಣಂತಿಯನ್ನು ಕೈಗಾಡಿಯ ಮೇಲೆ ಮಲಗಿಸಿ ತಂದರು. ಹಿಂದೆ ಸಂತೆಯ ಜನ. ಅವಳ ಗಂಡ ಒಂದು ಕೈಯಿಂದ ಗಾಡಿ ನೂಕುತ್ತಿದ್ದ, ಇನ್ನೊಂದು ಕೈಯಲ್ಲಿ ಸೂಜಿ ಡಾಕ್ಟರನ ರಟ್ಟೆ ಹಿಡಿದಿದ್ದ. ಇಲ್ಲದಿದ್ದರೆ ಅವನು ಓಡಿ ಹೋಗುತ್ತಿದ್ದ.

ಡಾಕ್ಟರರು ಏನಾಯಿತು ಎಂದು ಕೇಳುವ ಮೊದಲೇ ಅವನು ಬಾಯಿ ತೆರೆದ.

"ಎಣ್ಣಿ ಕುಡದಾಳ್ರೀ ಸಾಹೇಬ್ರ. ಗಂಡಾ ಹೆಂಡತಿ ಜಗಳಾಡ್ಯಾರಂತ."

"ಇಲ್ರೀ! ಸಂತ್ಯಾಗ ಎಲ್ಲಿ ಎಣ್ಣಿ ಕುಡೀತಾಳ್ರೀ?" ಎಂದು ಗಂಡ ಕೂಗಿದ.

ಅದೇ ಮಾತು. ಇಷ್ಟು ವರ್ಷಗಳಲ್ಲಿ ಅವನು ಹೊಸ ಸುಳ್ಳು ಕೂಡ ಕಟ್ಟಿರಲಿಲ್ಲ. ನನ್ನ ಕಿವಿ ಬಿಸಿಯಾಯಿತು.

ಡಾಕ್ಟರರು ಅವಳ ಕಣ್ಣರೆಪ್ಪೆ ಎತ್ತಿ, ದದ್ದು ನೋಡಿ, "ಎಣ್ಣಿ ಅಲ್ಲ ಇದು," ಎಂದರು. ನಾನು ಅಡ್ರಿನಲಿನ್ ನಳಿಕೆ ಮುರಿದು ಎಳೆಯುತ್ತಿದ್ದೆ. ಅಳತೆ ಹೇಳಿ ಕೊಟ್ಟೆ, ಅವರು ಚುಚ್ಚಿದರು. ನರ್ಸು ಜನರನ್ನೆಲ್ಲ ಹೊರಗೆ ನೂಕಿದಳು. ಮುಂದೆ ಬೇಕಾಗುವ ಸೂಜಿಗಳನ್ನು ತಯಾರು ಮಾಡಿಟ್ಟೆ. ಡಾಕ್ಟರರು ನಾಡಿ ಹಿಡಿದುಕೊಂಡೇ, "ಹೋಗವಾ, ಆಂವ ಏನ್ ಕೊಟ್ಟಾನ ಕೇಳ್ಕೊಂಡ ಬಾ. ಮತ್ತೇನರ ಕೂಡಿಸಿ ಕೊಟ್ಟಿದ್ರ ನನಗ ಗೊತ್ತಾಗಬೇಕು," ಎಂದರು.

ನಾನು ಬಾಗಿಲ ಬಳಿ ಹೋಗುವಾಗ ಆ ಹೆಂಗಸು ಉದ್ದಕ್ಕೆ ಉಸಿರೆಳೆದಳು. "ಕೂಸು ಎಲ್ಲೈತಿ?" ಎಂದದ್ದು ಸ್ಪಷ್ಟ ಕೇಳಿಸಿತು. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ವರಾಂಡದಲ್ಲಿ ನಮ್ಮೂರವರೇ ತುಂಬಿದ್ದರು. ಅಪ್ಪನನ್ನು ಹೆದರಿಸಿದ್ದ ಹಿರಿಯರೂ ಇದ್ದರು. ಸೂಜಿ ಡಾಕ್ಟರನಿಗೆ ನನ್ನ ಗುರುತು ಹತ್ತಲಿಲ್ಲ.

"ಏನ್ ಕೊಟ್ಟೀರಿ ಆಕಿಗೆ?" ಎಂದೆ.

"ನಾ ಏನೂ ಕೊಟ್ಟಿಲ್ರೀ ಬಾಯಾರ. ಆಕಿ ಎಣ್ಣಿ..."

"ಎಣ್ಣಿಗೆ ಒಂದು ಔಷಧ ಐತಿ, ಸೂಜಿಗೆ ಬ್ಯಾರೆ ಔಷಧ ಐತಿ. ಒಂದರ ಬದಲಿ ಇನ್ನೊಂದು ಕೊಟ್ರ ಆಕಿ ಉಳಿಯೂದಿಲ್ಲ. ನೀವು ಹೇಳಿದ್ದಕ್ಕ ತಕ್ಕ ಔಷಧ ನಾ ಒಯ್ದು ಕೊಡತೇನಿ. ಹೇಳ್ರಿ."

ಎರಡೂ ಔಷಧ ಅಲ್ಲೇ ಇರುವಂತೆ ಬಿಳಿ ಕೋಟಿನ ಎರಡೂ ಜೇಬಿನಲ್ಲಿ ಕೈಯಿಟ್ಟುಕೊಂಡು ನಿಂತಿದ್ದೆ. ಜೇಬಿನಲ್ಲಿ ಏನೂ ಇರಲಿಲ್ಲ. ಒಳಗೆ ಅವಳು ಉಳಿದಿದ್ದಾಳೆ ಎಂದು ಅವನಿಗೆ ನಾನು ಹೇಳಲಿಲ್ಲ. ಗಂಡ ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ.

"ಪೆನ್ಸಿಲಿನ್ರೀ," ಎಂದ ಸಣ್ಣಗೆ.

"ಕೇಳಸ್ಲಿಲ್ಲ."

"ಪೆನ್ಸಿಲಿನ್! ಅದೊಂದ ಕೊಟ್ಟೇನ್ರೀ, ಬ್ಯಾರೆ ಏನೂ ಇಲ್ಲ."

"ಮೊದಲ ಟೆಸ್ಟ್ ಮಾಡಿ ನೋಡಿದ್ರಿ?"

"ಇಲ್ರೀ."

ಡಾಕ್ಟರರಿಗೆ ಬೇಕಾದದ್ದು ಅಷ್ಟೇ. ಅಲ್ಲಿಗೆ ಒಳಗೆ ಹೋಗಬಹುದಿತ್ತು. ನಾನು ಹೋಗಲಿಲ್ಲ.

"ಇದಕ್ಕಿಂತ ಮುಂಚೆ ಯಾರಿಗರ ಹಿಂಗ ಆಗಿತ್ತೇನು? ಊರ ಅಗಸಿ ಬಾಗಲ ಹತ್ತರ ಎಮ್ಮಿ ಕಟ್ಟೋರ ಮನಿ. ಮದುವಿ ಗೊತ್ತಾದ ಹುಡುಗಿ. ನೆನಪೈತಿ?"

ಆಗ ಅವನು ನನ್ನ ಮುಖ ನೋಡಿದ. ಅವನಿಗೆ ಗುರುತು ಹತ್ತಿತು. ಅದನ್ನು ನೋಡಲು ನಾನು ಹರೆಯವನ್ನೆಲ್ಲ ಕಳೆದಿದ್ದೆ.

"ಲಗೂ ಹೇಳಲೇ, ನನ್ನ ಹೇಣ್ತಿ ಸಾಯಾಕತ್ತಾಳ!" ಎಂದು ಗಂಡ ಅವನನ್ನು ಅಲುಗಾಡಿಸಿದ.

"ಆಕಿಗೂ ಇದ ಆತ್ರೀ," ಎಂದ.

"ಎಣ್ಣಿ ಡಬ್ಬಿ ಯಾರು ತಂದಿಟ್ಟವರು?"

"ನಾನ ತಂದಿಟ್ನೀ. ಆಕಿ ಏನೂ ಕುಡದಿದ್ದಿಲ್ಲ. ನಾನ ಹಂಗ ಹೇಳಿದ್ನಿ." ಹೇಳುತ್ತಾ ಗೋಡೆಗುಂಟ ಜಾರಿ ಕುಳಿತ.

ನಾನು ಊರವರ ಕಡೆ ತಿರುಗಿದೆ. "ಕೇಳಿದ್ರಿ ಎಲ್ಲಾರೂ? ಮಣ್ಣಿಗಿಟ್ಟ ಹುಡುಗಿಗೆ ಬಸರು ಹೊರಿಸಿದವರು ಇಲ್ಲೇ ಅದೀರಿ. ಕೇಳಿದ್ರಿ?" ಹಿರಿಯರು ರುಮಾಲು ಬಿಚ್ಚಿ ಮುಖ ಒರೆಸಿಕೊಂಡರು. ಆಮೇಲೆ ಗಂಡನಿಗೆ, "ನಿನ್ನ ಹೇಣ್ತಿ ಉಳದಾಳ ತಮ್ಮಾ. ಕೂಸನ್ನ ಕೇಳಾಕತ್ತಾಳ, ಒಳಗ ಹೋಗು," ಎಂದೆ. ಅವನು ಒಂದು ಗಳಿಗೆ ನನ್ನನ್ನು ದುರುಗುಟ್ಟಿ ನೋಡಿ ಒಳಗೆ ಓಡಿದ.

ಆ ಗಂಡನೇ ಆಮೇಲೆ ಡಾಕ್ಟರರಿಗೆ ಎಲ್ಲ ಹೇಳಿದ. ಅವರು ನನ್ನನ್ನು ಕರೆದು ಬಾಗಿಲು ಮುಚ್ಚಿಸಿದರು.

"ಆ ಕಳ್ಳಗ ಹೆದರಿಸಿದಿ, ಸರಿ. ಗಂಡನ್ನ ಯಾಕ ಹೊರಗ ಕಾಯಿಸಿದಿ? ಆಂವ ನಿಮ್ಮ ಅಕ್ಕನ್ನ ಕೊಂದಿದ್ದನೇನು?" ಎಂದರು.

"ಇಲ್ರೀ," ಎಂದೆ. ಆದರೂ ಆ ವರಾಂಡ ಮತ್ತೆ ಸಿಕ್ಕರೆ ನಾನು ಮತ್ತೆ ಅಷ್ಟನ್ನೇ ಮಾಡುತ್ತೇನೆ.

ಊರಿಗೆ ಹೋಗಿ ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ ಕೇಳಿದ್ದು ಒಂದೇ ಮಾತು: "ಗಟ್ಟಿಯಾಗಿ ಹೇಳಿದನೇನು? ಎಲ್ಲಾರಿಗೂ ಕೇಳೂ ಹಂಗ?"

"ಹೌದವ್ವಾ."

"ನಿಮ್ಮಪ್ಪ ಇರಬೇಕಿತ್ತು," ಎಂದು ಬೆನ್ನು ತಿರುಗಿಸಿದಳು. ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡಳು.

ಡಾಕ್ಟರರು ಪೊಲೀಸರಿಗೆ ತಿಳಿಸಿದರು. ಕೇಸು ಕೋರ್ಟಿಗೆ ಅಲೆದು ಅಲೆದು ಸತ್ತು ಹೋಯಿತು. ಆದರೆ ಅವನ ಸೂಜಿ ಮತ್ತೆ ಯಾರ ಮೈಗೂ ತಾಗಲಿಲ್ಲ. ಮಕ್ಕಳು ಕೂಡ ಅವನ ಹಿಂದೆ "ಎಣ್ಣಿ, ಎಣ್ಣಿ" ಎಂದು ಕೂಗುತ್ತಿದ್ದರು. ನಾನು ಅವರನ್ನು ಒಮ್ಮೆಯೂ ಗದರಿಸಲಿಲ್ಲ.

ಆಮೇಲೆ ಅವನಿಗೆ ದಮ್ಮು ಹಿಡಿಯಿತು. ಔಷಧಿಗೆ ನನ್ನ ಕಿಟಕಿಗೇ ಬರಬೇಕಾಯಿತು. ಔಷಧಿಯಲ್ಲಿ ನಾನು ಅವನಿಗೆ ಕೂದಲೆಳೆಯಷ್ಟೂ ಮೋಸ ಮಾಡಲಿಲ್ಲ. ಆದರೆ ಬಂದಾಗಲೆಲ್ಲ ಸಾಲಿನಲ್ಲಿ ನಿಂತ ಜನರಿಗೆಲ್ಲ ಕೇಳುವಂತೆ ಅವನ ಹೆಸರು, ಊರು, ರೋಗ, ಗುಳಿಗೆ ತೆಗೆದುಕೊಳ್ಳುವ ಕ್ರಮ ಎಲ್ಲವನ್ನೂ ಅವನ ಬಾಯಿಂದಲೇ ಹೇಳಿಸುತ್ತಿದ್ದೆ. ಹೆಸರು ಕೇಳಿದ ಕೂಡಲೇ ಸಾಲಿನಲ್ಲಿ ಗುಸುಗುಸು ಏಳುತ್ತಿತ್ತು.

ಒಮ್ಮೆ ಅವನು ಕಿಟಕಿಯ ಸರಳು ಹಿಡಿದು, ಏದುಸಿರು ಬಿಡುತ್ತ, "ಸಾಕ್ ಮಾಡ್ರಿ ಬಾಯಾರ, ನಿಮ್ಮ ಕಾಲ ಬೀಳತೇನಿ," ಎಂದ.

"ಔಷಧ ತಪ್ಪಿ ತಗೊಂಡ್ರ ಜೀವಕ್ಕ ಅಪಾಯ," ಎಂದೆ. "ಇನ್ನೊಮ್ಮೆ ಹೇಳ್ರಿ. ಗಟ್ಟಿಯಾಗಿ."

ಹೇಳಿದ.